ಅಂಗಡಿಯ ಮೇಲೊಂದು ಮನೆ

ಹುಬ್ಬಳ್ಳಿಯ ದುರ್ಗದಬೈಲಿನ ಸುತ್ತಲಿನ ಓಣಿಗಳಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಇರುವ ಕಟ್ಟಡಗಳು ಇನ್ನೂ ಇವೆ. ಅಲ್ಲಿ ಕೊತ್ತಂಬರಿ ಮುಗಿದರೆ ಯಾರೂ ಸ್ಕೂಟರಿನ ಕೀಲಿ ಹುಡುಕುವುದಿಲ್ಲ. ಐದು ನಿಮಿಷದ ನಡಿಗೆಯೆಂದರೆ ಸುಮಾರು 400 ಮೀಟರ್ ಎಂಬುದು ನಗರ ಯೋಜಕರ ಲೆಕ್ಕ. ಊರಂಚಿನ ಹೊಸ ಬಡಾವಣೆಗಳಲ್ಲಿ ಅಷ್ಟು ನಡೆದರೆ ಖಾಲಿ ನಿವೇಶನಗಳಷ್ಟೇ ಸಿಗುತ್ತವೆ, ಒಂದು ಚಹಾದಂಗಡಿಯೂ ಇಲ್ಲ.

ಹುಬ್ಬಳ್ಳಿ–ಧಾರವಾಡದ ನಡುವೆ ಚಿಗರಿ ಎಂಬ ತ್ವರಿತ ಸಾರಿಗೆಯ ಬಸ್ಸು ತನ್ನದೇ ಪಥದಲ್ಲಿ ಓಡುತ್ತಿರುವಾಗ, ಅದರ ನಿಲ್ದಾಣಗಳ ಸುತ್ತಲೇ ಮೂರು-ನಾಲ್ಕು ಅಂತಸ್ತಿನ ಮನೆ, ಅಂಗಡಿ, ಕಚೇರಿಗಳನ್ನು ಒತ್ತೊತ್ತಾಗಿ ಕಟ್ಟಲು ಬಿಟ್ಟು, ನೆರಳಿರುವ ಪಾದಚಾರಿ ಮಾರ್ಗ ಮಾಡುವುದು, ನೀರಿನ ಕೊಳವೆ, ಚರಂಡಿಗಳನ್ನು ಹೊಲಗಳತನಕ ಎಳೆಯುವುದಕ್ಕಿಂತ ಲೇಸೆಂದು ನನಗೆ ತೋರುತ್ತದೆ. (ಆ ಮಾರ್ಗದ ಮೇಲೆ ಬೈಕ್ ನಿಲ್ಲಿಸುವ ನಮ್ಮ ಚಟ ಬೇರೆಯೇ ಮಾತು.) ಕೆಳಗೆ ಹಿಟ್ಟಿನ ಗಿರಣಿ ಬಂದರೆ ಸದ್ದಿನ ತಕರಾರು ಏಳುತ್ತದೆ, ನಿಜ, ಅದಕ್ಕೆ ವೇಳೆಯ ಕಟ್ಟುಪಾಡು ಹಾಕಿದರೆ ಸಾಕು.