ಅವ್ವ ಕೇಳಿದ್ದು ಒಂದು ಕಟ್ಟೆ

ಆಲಮಟ್ಟಿ ಅಣೆಕಟ್ಟಿನ ಮುಳುಗಡೆಯಿಂದಾಗಿ ಹಳೆ ಬಾಗಲಕೋಟೆ ಬಿಟ್ಟು ನವನಗರಕ್ಕೆ ಬಂದಾಗ ನಮ್ಮ ಮನೆ ದೊಡ್ಡದಾಯಿತು. ನಲ್ಲಿ ಒಳಗೆ ಬಂತು, ಪಾಯಖಾನೆ ಒಳಗೆ ಬಂತು, ಬಾಗಿಲ ಮುಂದೆ ಎರಡು ಲಾರಿ ಎದುರುಬದುರು ಹೋಗುವಷ್ಟು ರಸ್ತೆ. ಎಲ್ಲರಿಗೂ ಖುಷಿ. ಅವ್ವ ಎರಡು ದಿನ ಒಳಗೆ ಹೊರಗೆ ಅಡ್ಡಾಡಿದಳು. ಮೂರನೇ ದಿನ ಸಂಜೆ ಕೇಳಿದಳು, "ತಮ್ಮಾ, ಇಲ್ಲಿ ಕುಂದ್ರೂದು ಎಲ್ಲಿ?"

ಸೋಫಾ ಇದೆಯಲ್ಲ ಅಂದೆ. ಅವ್ವ ಏನೂ ಹೇಳಲಿಲ್ಲ. ಪ್ಲಾಸ್ಟಿಕ್ ಸ್ಟೂಲ್ ತಗೊಂಡು ಹೋಗಿ ಗೇಟಿನ ಹತ್ತಿರ ಕೂತಳು. ಎದುರಿಗೆ ಐದಡಿ ಕಂಪೌಂಡ್, ಪಕ್ಕದಲ್ಲಿ ಇನ್ನೊಂದು ಕಂಪೌಂಡ್. ಅರ್ಧ ಗಂಟೆ ಕೂತು ಒಳಗೆ ಬಂದಳು. ಅವಳು ಕೇಳಿದ್ದು ಏನು ಅಂತ ತಿಳಿಯೋಕೆ ನನಗೆ ವರ್ಷಗಳೇ ಹಿಡಿದವು.

ಹಳೆ ಮನೆಯ ತಲಬಾಗಿಲಿನ ಎರಡೂ ಬದಿಗೆ ಕಟ್ಟೆ ಇತ್ತು. ಮೊಣಕಾಲೆತ್ತರ, ಒಂದೂವರೆ ಅಡಿ ಅಗಲ, ಮೇಲೆ ಪರ್ಸಿ ಕಲ್ಲು. ಕೂತು ಕೂತು ಕಲ್ಲು ಎಣ್ಣೆ ಹಚ್ಚಿದ ಹಾಗೆ ನುಣ್ಣಗಾಗಿತ್ತು. ಬೆಳಗಿನ ರೊಟ್ಟಿ ಬಡಿದು ಮುಗಿಸಿದ ಮೇಲೆ ಹೆಣ್ಣುಮಕ್ಕಳು ಅಲ್ಲೇ ಕೂತು ಕಾಳು ಹಸನು ಮಾಡುತ್ತಿದ್ದರು, ಮೆಂತ್ಯೆ ಸೊಪ್ಪು ಸೋಸುತ್ತಿದ್ದರು, ಒಬ್ಬರ ಮಗುವನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತಿದ್ದರು. ಒಂದು ದಿನ ಎದುರು ಮನೆ ಆಯಿ ಹೊರಗೆ ಬರಲಿಲ್ಲ. ಹತ್ತು ಗಂಟೆಯಾದರೂ ಕಟ್ಟೆ ಖಾಲಿ. ಅವ್ವ ಮೊರ ಅಲ್ಲೇ ಇಟ್ಟು ಹೋಗಿ ಬಾಗಿಲು ಬಡಿದಳು. ಆಯಿ ಬಚ್ಚಲಲ್ಲಿ ಜಾರಿ ಬಿದ್ದು ಏಳೋಕಾಗದೆ ನರಳುತ್ತಿದ್ದಳು. ಅವತ್ತು ಅವಳು ಉಳಿದಿದ್ದು ಆ ಕಟ್ಟೆಯಿಂದ. ದಿನಾ ಅಲ್ಲಿ ಕೂರುವವಳು ಇವತ್ತು ಕಾಣಲಿಲ್ಲ ಅಂತ ಗೊತ್ತಾಗಿದ್ದೇ ಅದರಿಂದ.

ಕಟ್ಟೆ ಮನೆಗೆ ಅಂಟಿಕೊಂಡೇ ಇರುತ್ತದೆ, ಆದರೆ ಕೂರುವವರು ಓಣಿಯವರು. ಯಾರನ್ನೂ ಕೇಳಬೇಕಿಲ್ಲ. ಚಹಾ ಕೊಡಬೇಕಿಲ್ಲ, ಮನೆ ಒಪ್ಪ ಮಾಡಬೇಕಿಲ್ಲ. ಸುಮ್ನೆ ಬಂದು ಕೂತು ಎದ್ದು ಹೋಗಬಹುದು. ಅದರ ಜೊತೆ ನೆರಳು. ಹಳೆ ಓಣಿ ಸಣ್ಣದು, ಎರಡೂ ಕಡೆ ದಪ್ಪ ಗೋಡೆಯ ಮಾಳಿಗೆ ಮನೆಗಳು, ನಾಲ್ಕು ಗಂಟೆಗೆಲ್ಲ ಒಂದು ಬದಿಯ ನೆರಳು ಇನ್ನೊಂದು ಬದಿಯ ಕಟ್ಟೆ ಮುಟ್ಟುತ್ತಿತ್ತು. ನವನಗರದ ರಸ್ತೆ ಅಗಲ, ಮನೆಗಳು ರಸ್ತೆಯಿಂದ ಹಿಂದೆ ಸರಿದು ನಿಂತಿವೆ. ಗಾಳಿ ಬೆಳಕು ಚೆನ್ನಾಗಿದೆ, ಬೆಂಕಿ ಆರಿಸುವ ಗಾಡಿ ಒಳಗೆ ಬರುತ್ತದೆ, ಅದನ್ನು ತಪ್ಪು ಅನ್ನೋಕಾಗಲ್ಲ. ಆದರೆ ನಮ್ಮದು ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು. ಇಲ್ಲಿ ಅಗಲ ರಸ್ತೆ ಮಾಡಿ ಗಿಡ ಹಚ್ಚದೆ ಬಿಟ್ಟರೆ ಅದು ಸಂಜೆ ಆರರವರೆಗೂ ಕಾದ ಹಂಚು.

ನವನಗರದ ಯೋಜನೆಯಲ್ಲಿ ಚಾರ್ಲ್ಸ್ ಕೊರಿಯಾ ಅವರ ಕೈ ಇತ್ತು. ದೇಶದ ದೊಡ್ಡ ವಾಸ್ತುಶಿಲ್ಪಿ, 2015ರಲ್ಲಿ ತೀರಿಕೊಂಡರು. ಜನ ಬದುಕೋದು ನಾಲ್ಕು ಕೋಣೆ ಒಳಗೆ ಮಾತ್ರ ಅಲ್ಲ ಅಂತ ಅವರು ಹೇಳುತ್ತಿದ್ದರು. ಮನೆಯ ಒಳಗಿನ ಜಾಗ ಮೊದಲನೇದು. ಎರಡನೇದು ಮಕ್ಕಳು ಆಡುವ, ನೆರೆಯವರ ಜೊತೆ ಮಾತಾಡುವ ಹೊಸ್ತಿಲ ಜಾಗ. ಮೂರನೇದು ನೀರಿನ ನಲ್ಲಿ, ಬಾವಿಯಂಥ ಓಣಿಯ ಜಾಗ. ಆಮೇಲೆ ಇಡೀ ಊರಿನ ಮೈದಾನ. ಈ ನಾಲ್ಕೂ ಸೇರಿಯೇ ಮನೆ. ನವಿ ಮುಂಬೈನ ಬೇಲಾಪುರದಲ್ಲಿ 80ರ ದಶಕದಲ್ಲಿ ಅವರು ಇದನ್ನೇ ಕಟ್ಟಿ ತೋರಿಸಿದರು: 8 ಮೀಟರ್ ಉದ್ದ, 8 ಮೀಟರ್ ಅಗಲದ ಒಂದು ಅಂಗಳ, ಅದರ ಸುತ್ತ ಏಳು ಮನೆ. ಇದನ್ನು ಓದಿದಾಗ ನನಗೆ ಅವ್ವನ ಸ್ಟೂಲ್ ನೆನಪಾಯಿತು. ನಮ್ಮ ರಸ್ತೆಯಲ್ಲಿ ಮೊದಲನೇದು ಇದೆ, ನಾಲ್ಕನೇದೂ ಇದೆ. ನಡುವಿನ ಎರಡು ಇಲ್ಲ.

ಪಾರ್ಕ್ ಇದೆಯಲ್ಲ ಅನ್ನುತ್ತಾರೆ. ಇದೆ, ನಮ್ಮ ಮನೆಯಿಂದ ಅರ್ಧ ಕಿಲೋಮೀಟರ್. ಮೊಣಕಾಲು ನೋವಿರುವವಳು ಅಲ್ಲಿಗೆ ಹೋಗಿ ಬರೋದರಲ್ಲೇ ಸುಸ್ತು. ಅಲ್ಲಿನ ಬೆಂಚು ಸಾಲಾಗಿ ಒಂದೇ ಕಡೆ ಮುಖ ಮಾಡಿವೆ. ನಾಲ್ಕು ಜನ ಕೂತರೆ ಬಸ್ಸಿನಲ್ಲಿ ಕೂತ ಹಾಗೆ, ಮಾತಾಡಬೇಕಂದರೆ ಕುತ್ತಿಗೆ ತಿರುಗಿಸಬೇಕು. ಓಣಿಯಲ್ಲಿ ಈ ಕಟ್ಟೆ ಆ ಕಟ್ಟೆ ಎದುರುಬದುರು. ಮುಖ ನೋಡಿಕೊಂಡೇ ಮಾತು. ಬೆಂಚು ಹಾಕಿಸುವಾಗ ಇಷ್ಟು ಯೋಚಿಸಿದರೂ ಸಾಕು, ಖರ್ಚು ಒಂದು ರೂಪಾಯಿ ಜಾಸ್ತಿ ಆಗಲ್ಲ.

ವಿಜಯಪುರದ ತಾಜ್ ಬಾವಡಿ ನೋಡಿದ್ದೀರಾ? 1620ರದ್ದು, ಎರಡನೇ ಇಬ್ರಾಹಿಂ ಆದಿಲ್ ಶಾಹನ ಕಾಲದ್ದು. ದೊಡ್ಡ ಕಮಾನು ದಾಟಿ ಮೆಟ್ಟಿಲಿಳಿದರೆ ನೀರು. ಅಕ್ಕಪಕ್ಕ ದಾರಿಹೋಕರು ತಂಗೋಕೆ ಕೋಣೆಗಳು. ನೀರಿಗೆ ಬಂದವರು ನೆರಳಲ್ಲಿ ದಣಿವಾರಿಸಿಕೊಂಡು ಹೋಗಲಿ ಅಂತ ಕಟ್ಟಿದ್ದು. ಈಗ ನಮ್ಮ ಊರೂರಲ್ಲಿ ಶುದ್ಧ ನೀರಿನ ಘಟಕಗಳಿವೆ. ತಗಡಿನ ಡಬ್ಬಿಯಂಥ ಕೋಣೆ, ಕಾಯಿನ್ ಹಾಕಿದರೆ ನೀರು. ಕ್ಯಾನ್ ಹಿಡಿದು ಪಾಳಿ ನಿಂತವರು ಬಿಸಿಲಲ್ಲೇ ನಿಲ್ಲಬೇಕು. ದಿನಾ ಇಡೀ ಓಣಿ ಬರುವ ಜಾಗ ಅದು, ಹಿಂದಿನ ಬಾವಿ ಇದ್ದ ಹಾಗೆ. ಅಲ್ಲಿ ಒಂದು ಚಪ್ಪರ, ಒಂದು ಕಟ್ಟೆ, ಕ್ಯಾನ್ ಇಡೋಕೆ ಸೊಂಟದೆತ್ತರಕ್ಕೆ ಒಂದು ಕಲ್ಲು ಹಾಕಿದರೆ ಬಸುರಿಯರು, ವಯಸ್ಸಾದವರು ಎಷ್ಟು ಹರಸುತ್ತಾರೋ.

ನಮ್ಮ ರಸ್ತೆಯ ವಿಷಯಕ್ಕೆ ಬರ್ತೀನಿ. ಮೂಲೆಯಲ್ಲಿ ಬೇವಿನ ಗಿಡ ಬೆಳೆದಿತ್ತು. ಯಾರೋ ಎರಡು ಕಲ್ಲಿನ ಮೇಲೆ ಒಡೆದ ಪರ್ಸಿ ಇಟ್ಟರು. ಅವ್ವ ಹೋದಳು. ಮುಂದಿನ ವಾರ ಮೂವರು, ಆಮೇಲೆ ಏಳು ಜನ. ಹತ್ತು ವರ್ಷ ಅಕ್ಕಪಕ್ಕ ಇದ್ದೂ ಹೆಸರು ಗೊತ್ತಿಲ್ಲದವರು ಒಬ್ಬರ ಮನೆ ಉಪ್ಪಿನಕಾಯಿ ಇನ್ನೊಬ್ಬರ ಮನೆಗೆ ಕಳಿಸೋಕೆ ಶುರು ಮಾಡಿದರು. ಹೋದ ವರ್ಷ ಗಟಾರ ಕೆಲಸಕ್ಕೆ ಬಂದವರು ಆ ಪರ್ಸಿಯನ್ನೂ ಎತ್ತಿ ಟ್ರ್ಯಾಕ್ಟರಿಗೆ ಹಾಕಿದರು. ಅಡ್ಡ ಬರ್ತದೆ ಅಂದರಂತೆ. ನಕ್ಷೆಯಲ್ಲಿ ಅದು ಇರಲಿಲ್ಲ, ಅವರಿಗೆ ಅದು ಬರೀ ಕಲ್ಲು. ಒಂದು ತಿಂಗಳು ಆ ಮೂಲೆ ಕಡೆ ಯಾರೂ ಹೋಗಲಿಲ್ಲ. ಅವ್ವ ಮತ್ತೆ ಟಿವಿ ಮುಂದೆ. ನನಗೆ ಅಷ್ಟು ಸಂಕಟ ಬೇರೆ ಯಾವುದಕ್ಕೂ ಆಗಿಲ್ಲ.

ಅಲ್ಲೇ ಕಟ್ಟೆ ಕಟ್ಟಿಸೋಣ ಅಂತ ಓಣಿಯವರೆಲ್ಲ ದುಡ್ಡು ಕೂಡಿಸಿ ಗೌಂಡಿಯನ್ನು ಕರೆಸಿದೆವು. ಅವನು ಟೇಪು ಹಿಡಿದು "ಎಷ್ಟು ಎತ್ತರ ಬೇಕ್ರಿ ಅಕ್ಕಾರ?" ಅಂತ ಕೇಳಿದ. ಅವ್ವ ಇಟ್ಟಿಗೆ ಒಂದರ ಮೇಲೊಂದು ಇಡಿಸಿ ಕೂತು ನೋಡಿದಳು. "ತಗ್ಗಾತು, ಏಳಾಕ ಬರೂದಿಲ್ಲ. ಇನ್ನೊಂದು ಇಡು." ಮತ್ತೆ ಕೂತಳು, ಎದ್ದಳು. ಅಲ್ಲಿಗೆ ಸೀಸದಕಡ್ಡಿಯಿಂದ ಗುರುತು ಹಾಕಿದ. ಎಷ್ಟೋ ಕಚೇರಿ, ಬ್ಯಾಂಕು, ಬಸ್ ನಿಲ್ದಾಣ ಕಟ್ಟುವಾಗ ಈ ಒಂದು ಕೆಲಸ ಯಾರೂ ಮಾಡಿಲ್ಲ ಅನ್ನೋದು ಅಲ್ಲಿನ ಮೆಟ್ಟಿಲು ಹತ್ತುವಾಗ ಗೊತ್ತಾಗುತ್ತದೆ ಅಲ್ವಾ? ಕೂರುವವರನ್ನು ಕೂರಿಸಿ ನೋಡಬೇಕು.

ಇದನ್ನು ಈಗ ಬರೆಯೋಕೆ ಕಾರಣ ಇದೆ. ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ಮತ್ತೆ ಜೋರಾಗಿದೆ. ಅದಾದರೆ ಇನ್ನಷ್ಟು ಊರು ಮುಳುಗಡೆ, ಇನ್ನಷ್ಟು ಪುನರ್ವಸತಿ ಕೇಂದ್ರ. ಎಲ್ಲಿ ಹೋದರೂ ಎಕರೆಗೆ ಎಷ್ಟು ಅನ್ನೋದೇ ಮಾತು. ಆಗಬೇಕಾದ್ದೇ, ಭೂಮಿ ಕಳಕೊಂಡವರ ಹೊಟ್ಟೆ ಪ್ರಶ್ನೆ ಅದು. ಆದರೆ ಪರಿಹಾರದ ಪಟ್ಟಿಯಲ್ಲಿ ಮನೆ, ಗಿಡ, ಬಾವಿ ಬರುತ್ತವೆ. ಓಣಿ ಬರಲ್ಲ. ಗುಂಟೆ ಲೆಕ್ಕದಲ್ಲಿ ಚೌಕ ಚೌಕ ಪ್ಲಾಟ್ ಹಂಚಿ ಲಾಟರಿ ಎತ್ತಿದರೆ ಮೂರು ತಲೆಮಾರು ಎದುರುಬದುರು ಇದ್ದವರು ಬೇರೆ ಬೇರೆ ಮೂಲೆಗೆ ಬೀಳುತ್ತಾರೆ. ಓಣಿಯವರಿಗೆ ಒಟ್ಟಿಗೆ ಪ್ಲಾಟ್ ಕೊಡಿ ಅಂತ ಈಗಲೇ ಕೇಳಿ. ಇಪ್ಪತ್ತು ಮನೆಗೊಂದು ಗಿಡ, ಒಂದು ಕಟ್ಟೆಯ ಜಾಗ ನಕ್ಷೆಯಲ್ಲೇ ಬರೆಸಿ. ನಕ್ಷೆಯಲ್ಲಿ ಇಲ್ಲದ್ದನ್ನು ಮುಂದೊಂದು ದಿನ ಟ್ರ್ಯಾಕ್ಟರ್ ಬಂದು ಒಯ್ಯುತ್ತದೆ. ಊರು ಬಿಡುವ ಮೊದಲು ನಿಮ್ಮ ಓಣಿಯ ಅಳತೆ ತಗೊಳ್ಳಿ. ಯಾವ ಕಟ್ಟೆಯ ಮೇಲೆ ಯಾರು, ಎಷ್ಟು ಹೊತ್ತಿಗೆ ಕೂರುತ್ತಾರೆ, ಅದನ್ನೂ ಬರೆದಿಡಿ.

ನಮ್ಮ ಕಟ್ಟೆಯ ಅಳತೆ ಬೇಕಾದರೆ ತಗೊಳ್ಳಿ. ಎತ್ತರ 18 ಇಂಚು, ಅಗಲ 20. ಎಲ್ ಆಕಾರ, ಒಂದು ತೋಳು ಆರಡಿ, ಇನ್ನೊಂದು ನಾಲ್ಕಡಿ, ಮೂಲೆ ಬೇವಿನ ಬುಡದ ಕಡೆಗೆ. ಗಟಾರದ ಮುಚ್ಚಳ ಎತ್ತೋಕೆ ನಡುವೆ ಎರಡಡಿ ಜಾಗ ಬಿಟ್ಟಿದ್ದೇವೆ. ತುದಿಯಲ್ಲಿ ಕೈ ಊರಿ ಏಳೋಕೆ ಒಂದು ಕಬ್ಬಿಣದ ಪೈಪ್. ಅದು ಮಾತ್ರ ಬಿಸಿಲಿಗೆ ಕಾಯುತ್ತದೆ. ಅವ್ವ ಅದಕ್ಕೆ ಹಳೆ ಇಳಕಲ್ ಸೀರೆಯ ತುಂಡು ಸುತ್ತಿದ್ದಾಳೆ.