ದ್ರುತ ಈ ಸಾಲಿನಲ್ಲಿ, ಲಘು ಮುಂದಿನ ಸಾಲಿನಲ್ಲಿ

ಶಿವಮೊಗ್ಗ, 19 ಜುಲೈ 2025, ಶನಿವಾರ

ಬೆಳಗಿನಿಂದ ಒಂದೇ ಸಮನೆ ಮಳೆ. ಅಪ್ಪ ಕೊಡೆ ಹಿಡಿದು ಕೋರ್ಪಲಯ್ಯನ ಛತ್ರದ ಹತ್ತಿರ ಹೋದರು. ಹೊಳೆಯಲ್ಲಿರುವ ಮಂಟಪ ಎಷ್ಟು ಮುಳುಗಿದೆ ಎಂದು ನೋಡಿ ಬರುವುದು ಅವರ ಮಳೆಗಾಲದ ಕೆಲಸ. ತುಂಗೆ ಎಷ್ಟು ಬಂದಿದ್ದಾಳೆ ಎಂದು ತಿಳಿಯಲು ಈ ಊರಿನವರಿಗೆ ಬೇರೆ ಅಳತೆಕೋಲು ಬೇಡ. ನಾನು ಹೋಗಲಿಲ್ಲ. ನನ್ನ ಮುಂದೆ ಮಿಲಿಮೀಟರಿನ ಲೆಕ್ಕ ಕುಳಿತಿತ್ತು.

ವಿಷಯ ಇಷ್ಟು. ಆಗಸ್ಟ್ 27ಕ್ಕೆ ಗಣಪತಿ ಹಬ್ಬ. ಬೀದಿಯ ಪೆಂಡಾಲಿನಲ್ಲಿ ನನ್ನ ಪಾಠದ ಮಕ್ಕಳು ನುಡಿಸಬೇಕು. ಮೂರು ಪಿಟೀಲು, ಒಂದು ಕೊಳಲು, ಒಂದು ಕೀಬೋರ್ಡ್. ಜೊತೆಗೆ ಪೊಲೀಸ್ ಬ್ಯಾಂಡಿನಿಂದ ನಿವೃತ್ತರಾದ ಒಬ್ಬ ಹಿರಿಯರ ಕ್ಲಾರಿನೆಟ್. ನುಡಿಸುವುದು ಪುರಂದರದಾಸರ ಎರಡು ಪಿಳ್ಳಾರಿ ಗೀತೆ, ಕರ್ನಾಟಕ ಸಂಗೀತದ ಮಕ್ಕಳು ಮೊದಮೊದಲು ಕಲಿಯುವಂಥವು. ಎರಡೂ ಮಲಹರಿ ರಾಗ, ಎರಡೂ ರೂಪಕ ತಾಳ. ದಾಸರು ನಮ್ಮ ತೀರ್ಥಹಳ್ಳಿ ಕಡೆಯವರು ಎನ್ನುವ ವಾದ ಇದೆ. ಅದನ್ನು ನಾನು ಅವಕಾಶ ಸಿಕ್ಕಾಗಲೆಲ್ಲ ಮಕ್ಕಳಿಗೆ ಹೇಳುತ್ತಿರುತ್ತೇನೆ, ಊರ ಅಭಿಮಾನ.

ಪಿಟೀಲಿನ ಮಕ್ಕಳಿಗೆ ಸರಿಗಮ ಗೊತ್ತು, ಪಾಶ್ಚಾತ್ಯ ಸಂಗೀತ ಬರೆಯುವ ಐದು ಗೆರೆ ಗೊತ್ತಿಲ್ಲ. ಕ್ಲಾರಿನೆಟ್ ಮಾಮನಿಗೆ ಐದು ಗೆರೆ ಗೊತ್ತು. ಸರಿಗಮ ಬರೆದುಕೊಟ್ಟರೆ ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟುಬಿಡುತ್ತಾರೆ. ಕೀಬೋರ್ಡಿನ ಹುಡುಗಿಗೆ ಎರಡೂ ಅರ್ಧರ್ಧ. ಅದಕ್ಕೇ ನಾನು ಹಟ ಹಿಡಿದಿದ್ದೆ: ಎಲ್ಲರಿಗೂ ಒಂದೇ ಹಾಳೆ. ಮೇಲೆ ಐದು ಗೆರೆಯ ಸ್ಟಾಫ್ ನೊಟೇಶನ್, ಅದರ ಕೆಳಗೆ ಕನ್ನಡದಲ್ಲಿ ಸ್ವರ, ಅದರ ಕೆಳಗೆ ಸಾಹಿತ್ಯ.

ಹಾಳೆ ಮಾಡಲು ನಾನು ಬಳಸುವುದು ಲಿಲಿಪಾಂಡ್. ಮೌಸ್ ಹಿಡಿದು ಎಳೆದಾಡುವ ಸಾಫ್ಟ್‌ವೇರ್ ಅಲ್ಲ. ಸ್ವರಗಳನ್ನು ಅಕ್ಷರದಲ್ಲಿ ಟೈಪ್ ಮಾಡಿ ಕೊಟ್ಟರೆ ಅದೇ ಹಾಳೆ ಜೋಡಿಸಿ ಪಿಡಿಎಫ್ ಕೊಡುತ್ತದೆ. 1996ರಲ್ಲಿ ನೆದರ್‌ಲೆಂಡ್ಸ್‌ನ ಇಬ್ಬರು ಶುರು ಮಾಡಿದ್ದು, ಉಚಿತ. ಲೋಹದ ತಗಡಿನ ಮೇಲೆ ಕೈಯಿಂದ ಕೊರೆದು ಅಚ್ಚು ಹಾಕುತ್ತಿದ್ದ ಹಳೆಯ ಹಾಳೆಗಳ ಅಂದ ಕಂಪ್ಯೂಟರಿನಿಂದಲೂ ಬರಬೇಕು ಎನ್ನುವುದು ಅವರ ಆಸೆ. ಕಲಿಯುವುದು ಕಷ್ಟ, ಸುಳ್ಳು ಹೇಳುವುದಿಲ್ಲ. ಆದರೆ ಫೈಲು ಸಾದಾ ಪಠ್ಯ, ಸಾಫ್ಟ್‌ವೇರ್ ನಿಂತುಹೋದರೂ ತೆರೆದು ಓದಬಹುದು. ಸಂಗೀತ ಬರೆಯಲು 1988ರಿಂದ ಇದ್ದ ಫಿನಾಲೆ ಸಾಫ್ಟ್‌ವೇರನ್ನು ಇನ್ನು ಮುಂದುವರಿಸುವುದಿಲ್ಲ ಎಂದು 2024ರ ಆಗಸ್ಟಿನಲ್ಲಿ ಪ್ರಕಟಣೆ ಬಂದಾಗ, ಈ ಸಾದಾ ಪಠ್ಯದ ಮೇಲೆ ನನಗೆ ಪ್ರೀತಿ ಇನ್ನೂ ಜಾಸ್ತಿಯಾಯಿತು.

ಗುರುವಾರದ ಅಭ್ಯಾಸದಲ್ಲಿ ಮಕ್ಕಳು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಎಡವಿದರು. ಮೊದಲು ನನಗೆ ಸಿಟ್ಟು ಬಂತು. ಅಷ್ಟು ಸುಲಭದ ಗೀತೆ, ವರ್ಷದ ಹಿಂದೆ ಕಲಿತದ್ದು! ಆಮೇಲೆ ಹಾಳೆ ನೋಡಿದೆ. ತಪ್ಪು ಮಕ್ಕಳದಲ್ಲ.

ರೂಪಕ ತಾಳದಲ್ಲಿ ಆವರ್ತಕ್ಕೆ, ಅಂದರೆ ತಾಳದ ಒಂದು ಸುತ್ತಿಗೆ, 6 ಅಕ್ಷರ, ಅಂದರೆ ಆರು ಎಣಿಕೆ. ಸುತ್ತಿಗೆ ಎರಡು ಭಾಗ: ದ್ರುತ 2, ಲಘು 4. ನಾನು ಎರಡರ ಕೊನೆಗೂ ನಿಂತ ಗೆರೆ ಹಾಕಿದ್ದೆ. ಲಿಲಿಪಾಂಡ್ ಸಾಲು ಮುರಿಯುವುದು ಗೆರೆ ಇರುವ ಕಡೆ. ಯಾವ ಗೆರೆ ಎಂದು ಅದಕ್ಕೆ ಭೇದ ಇಲ್ಲ. ಹಾಳೆಯ ಅಗಲಕ್ಕೆ ಎಲ್ಲಿ ಮುರಿದರೆ ಸ್ವರಗಳು ಹದವಾಗಿ ಹರಡುತ್ತವೆ ಎಂದು ಲೆಕ್ಕ ಹಾಕಿ ಮುರಿಯುತ್ತದೆ. ಹಾಗಾಗಿ ಐದಾರು ಕಡೆ ದ್ರುತ ಈ ಸಾಲಿನ ತುದಿಯಲ್ಲಿ, ಅದರ ಲಘು ಮುಂದಿನ ಸಾಲಿನ ಮೊದಲಲ್ಲಿ. ಕೈ ತಾಳ ಹಾಕುತ್ತಿದೆ, ಕಣ್ಣು ಹಾಳೆಯ ಆ ತುದಿಯಿಂದ ಈ ತುದಿಗೆ ಓಡುತ್ತಿದೆ. ಎಡವದೆ ಏನು ಮಾಡುತ್ತಾರೆ?

ನನ್ನ ಗುರುಗಳು ಬರೆಸಿದ ನೋಟ್‌ಬುಕ್ ತೆಗೆದು ನೋಡಿದೆ. ಗೀತೆ ಎಲ್ಲ ಸಾಲಿಗೆ ಎರಡು ಆವರ್ತ. ಒಂದು ಸಾಲಾದರೂ ನಡುವೆ ಮುರಿದಿಲ್ಲ. ಜಾಗ ಸಾಲದಿದ್ದರೆ ಅಕ್ಷರ ಚಿಕ್ಕದಾಗಿದೆ, ಸಾಲು ಅಂಚಿನ ಕೆಂಪು ಗೆರೆ ದಾಟಿ ಹೋಗಿದೆ, ಆದರೆ ಆವರ್ತ ಮುರಿದಿಲ್ಲ. ಯಾರೂ ಅವರಿಗೆ ಹೇಳಿಕೊಟ್ಟಿರಲಿಕ್ಕಿಲ್ಲ. ನಮ್ಮ ಪಕ್ಕದ ಹೊಸಹಳ್ಳಿ ಗಮಕಕ್ಕೆ, ಅಂದರೆ ಕಾವ್ಯವಾಚನಕ್ಕೆ, ಹೆಸರಾದ ಊರು. ಅಲ್ಲಿನ ಯಾವುದೇ ಗಮಕಿಯ ಕೈಗೆ ಭಾಮಿನಿ ಷಟ್ಪದಿಯನ್ನು ಹಾಳೆ ತುಂಬ ಒಂದೇ ಸಮ ಸುರಿದು ಕೊಟ್ಟುನೋಡಿ. ಬೈಸಿಕೊಳ್ಳುತ್ತೀರಿ. 14 ಮಾತ್ರೆಯ ಸಾಲು ಗಿಡ್ಡ, 23 ಮಾತ್ರೆಯ ಮೂರನೆಯ ಮತ್ತು ಆರನೆಯ ಸಾಲು ಉದ್ದ. ಅಚ್ಚಿನಲ್ಲೂ ಹಾಗೇ ಇರಬೇಕು. ಬಲಗಡೆ ಬಿಟ್ಟ ಖಾಲಿ ಜಾಗವನ್ನು ಯಾರೂ ಪೋಲು ಎನ್ನುವುದಿಲ್ಲ, ಅಲ್ವಾ?

ಆದ್ದರಿಂದ ನಿನ್ನೆ ರಾತ್ರಿ ಮೊದಲ ಕೆಲಸ, ತಾನಾಗಿ ಸಾಲು ಮುರಿಯುವುದನ್ನು ಪೂರ್ತಿ ನಿಲ್ಲಿಸಿದೆ. ಅದಕ್ಕೆ ಒಂದೇ ಪದದ ಆಜ್ಞೆ ಇದೆ. ಆಮೇಲೆ ಎರಡೆರಡು ಆವರ್ತಕ್ಕೆ ನಾನೇ ಬ್ರೇಕ್, ಅಂದರೆ ಸಾಲು ಮುರಿಯುವ ಗುರುತು, ಹಾಕಿದೆ. ಹಾಕಿದ್ದು ಸ್ವರಗಳ ನಡುವೆ ಅಲ್ಲ. ಬೇರೆಯೇ ಒಂದು ಪಟ್ಟಿ ಮಾಡಿಕೊಂಡೆ. ಅದರಲ್ಲಿ ಸ್ವರ ಇಲ್ಲ, ಕಣ್ಣಿಗೆ ಕಾಣದ ಖಾಲಿ ಕಾಲ ಮಾತ್ರ. ಇಷ್ಟು ಕಾಲ, ಬ್ರೇಕ್. ಇಷ್ಟು ಕಾಲ, ಬ್ರೇಕ್. ಹತ್ತನೆಯ ಸಾಲಿನ ನಂತರ ಪೇಜ್ ಬ್ರೇಕ್. ಈ ಪಟ್ಟಿಯನ್ನು ಸಂಗೀತದ ಜೊತೆ ಸಮಾನಾಂತರವಾಗಿ ಓಡಿಸಿದರೆ ಸಾಕು. ಇದು ಇಷ್ಟು ಉಪಕಾರಕ್ಕೆ ಬರುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಒಟ್ಟು 19 ಸಾಲು. ಮೊದಲು ಪೇಜ್ ಬ್ರೇಕ್ ಹಾಕದೆ ಓಡಿಸಿದಾಗ ಬಂದದ್ದು 9, 9, 1. ಮೂರನೆಯ ಹಾಳೆಯ ನೆತ್ತಿಯ ಮೇಲೆ ಒಂದೇ ಒಂದು ಸಾಲು, ಕೆಳಗೆಲ್ಲ ಬಯಲು. ಮಳೆಯಲ್ಲಿ ಬಸ್ ತಪ್ಪಿಸಿಕೊಂಡವರ ಹಾಗೆ.

ಬಸ್ಸಿನ ಮಾತು ಬಂತು. ಸಾಲುಗಳ ನಡುವಿನ ಅಂತರ ನನಗೆ ಅರ್ಥವಾಗಿದ್ದೇ ಸಾಗರದ ಬಸ್ಸಿನಿಂದ. ಲಿಲಿಪಾಂಡಿನಲ್ಲಿ ಅದಕ್ಕೆ ನಾಲ್ಕು ಅಂಕಿ. ಬೇಸಿಕ್ ಡಿಸ್ಟನ್ಸ್ 12: ಬಸ್ ಖಾಲಿ ಇದ್ದಾಗ ಪಕ್ಕದವರಿಂದ ಎಷ್ಟು ದೂರ ಕೂರಲು ಇಷ್ಟವೋ ಅಷ್ಟು. ಮಿನಿಮಮ್ ಡಿಸ್ಟನ್ಸ್ 8: ಎಷ್ಟೇ ರಶ್ ಇದ್ದರೂ ಇದಕ್ಕಿಂತ ಹತ್ತಿರ ಬರುವಂತಿಲ್ಲ. ಪ್ಯಾಡಿಂಗ್ 1: ನಿಮ್ಮ ಒದ್ದೆ ಕೊಡೆಗೂ ಅವರ ಬ್ಯಾಗಿಗೂ ನಡುವೆ ಉಳಿಯಲೇಬೇಕಾದ ಸಂದು. ಸ್ಟ್ರೆಚಬಿಲಿಟಿ 60: ಜಾಗ ಉಳಿದರೆ ಎಷ್ಟು ಸಲೀಸಾಗಿ ಕಾಲು ಚಾಚುತ್ತೀರಿ ಎನ್ನುವುದು. ಇವು ನಾವು ಮುಟ್ಟದಿದ್ದರೆ ಇರುವ ಅಂಕಿಗಳು. ಅಳತೆಯ ಮಾನ ಮಿಲಿಮೀಟರ್ ಅಲ್ಲ, ಸ್ಟಾಫ್ ಸ್ಪೇಸ್. ಅಂದರೆ ಐದು ಗೆರೆಗಳಲ್ಲಿ ಅಕ್ಕಪಕ್ಕದ ಎರಡು ಗೆರೆಗಳ ನಡುವಿನ ಜಾಗ. ಸ್ಟಾಫ್ ಚಿಕ್ಕದಾದರೆ ಎಲ್ಲ ಅಂತರಗಳೂ ಅದೇ ಪ್ರಮಾಣದಲ್ಲಿ ಚಿಕ್ಕದಾಗುತ್ತವೆ. ಇದು ಗೊತ್ತಿಲ್ಲದೆ ನಾನು ಮೊದಲ ವರ್ಷ ಸುಮ್ನೆ ಅಂಕಿ ಬದಲಿಸುತ್ತಾ ರಾತ್ರಿಗಳನ್ನು ಕಳೆದಿದ್ದೇನೆ. ಆಮೇಲೆ ಆನೊಟೇಟ್ ಸ್ಪೇಸಿಂಗ್ ಎನ್ನುವ ಸೌಲಭ್ಯ ಕಣ್ಣಿಗೆ ಬಿತ್ತು. ಅದನ್ನು ಆನ್ ಮಾಡಿದರೆ ಹಾಳೆಯ ಮೇಲೆಯೇ ಬಾಣ ಎಳೆದು, ಯಾವ ಅಂತರ ಎಷ್ಟು ಎಂದು ಬರೆದು ತೋರಿಸುತ್ತದೆ. ಹೊಸಬರು ಮೊದಲು ಕಲಿಯಬೇಕಾದದ್ದು ಅದನ್ನೇ.

ಒಂಟಿ ಸಾಲನ್ನು ಎರಡನೆಯ ಹಾಳೆಗೆ ಕರೆತರಲು ಸ್ಟಾಫಿನ ಗಾತ್ರವನ್ನು 20ರಿಂದ 18ಕ್ಕೆ ಇಳಿಸಿದೆ. 10 ಮತ್ತು 9, ಸರಿಯಾಗಿ ಕೂತಿತು. ಖುಷಿಯಿಂದ ಕ್ಲಾರಿನೆಟ್ ಮಾಮನಿಗೆ ವಾಟ್ಸಾಪ್ ಮಾಡಿದೆ. ಉತ್ತರ ಬಂತು: "ನನ್ನ ಕಣ್ಣಿಗೆ ಕಾಳು ಬೇಕಮ್ಮ, ನುಚ್ಚು ಸಾಲದು."

ಅವರು ಹೇಳಿದ್ದು ನ್ಯಾಯವೇ. 20 ಎಂದರೆ ಐದು ಗೆರೆಗಳ ಎತ್ತರ ಸುಮಾರು 7 ಮಿ.ಮೀ. 18 ಎಂದರೆ 6.3. ಸ್ಟ್ಯಾಂಡಿನ ಮೇಲೆ, ಒಂದು ಮೀಟರ್ ದೂರದಲ್ಲಿ, ಪೆಂಡಾಲಿನ ಟ್ಯೂಬ್‌ಲೈಟಿನಲ್ಲಿ, 68ರ ಕಣ್ಣಿಗೆ ಆ 0.7 ತುಂಬಾ ದೊಡ್ಡದು.

ನನ್ನ ಹಟ ಅಲ್ಲಿಗೆ ಮುರಿಯಿತು. ಯೋಚಿಸಿದರೆ, ಎಲ್ಲರಿಗೂ ಒಂದೇ ಹಾಳೆ ಯಾಕೆ ಬೇಕಿತ್ತು? ಅವರಿಗೆ ಸರಿಗಮವೂ ಬೇಡ, ಸಾಹಿತ್ಯವೂ ಬೇಡ. ಹೇಗೂ ಬಿ ಫ್ಲ್ಯಾಟ್ ಕ್ಲಾರಿನೆಟ್ಟಿಗೆ ಒಂದು ಪೂರ್ಣ ಸ್ವರ ಮೇಲೆ ಏರಿಸಿ ಬರೆಯಬೇಕು. ಕೆಳಗಿನ ಎರಡು ಸಾಲು ಅಕ್ಷರ ತೆಗೆದ ತಕ್ಷಣ ಅವರ ಹಾಳೆಯಲ್ಲಿ ಬೇಕಾದಷ್ಟು ಜಾಗ ಬಿಡುಗಡೆಯಾಯಿತು. ಸ್ಟಾಫ್ 22.45 ಮಾಡಿದೆ. ಸುಮಾರು 7.9 ಮಿ.ಮೀ. ಆಗಲೂ ಎರಡೇ ಹಾಳೆ! ಮುರಿಯುವ ಪಟ್ಟಿ ಬೇರೆ ಇತ್ತಲ್ಲ, ಅದನ್ನೇ ಅವರ ಹಾಳೆಗೂ ಕೊಟ್ಟೆ. ಈಗ ಅಕ್ಷರದ ಗಾತ್ರ ಬೇರೆ, ಶ್ರುತಿ ಬರೆದಿರುವ ರೀತಿ ಬೇರೆ, ಆದರೆ "ಎರಡನೇ ಹಾಳೆ, ಮೂರನೇ ಸಾಲು" ಎಂದರೆ ಮಕ್ಕಳದ್ದೂ ಅವರದ್ದೂ ಅದೇ ಆವರ್ತ. ಅಭ್ಯಾಸದಲ್ಲಿ ಇದರ ಬೆಲೆ ಗೊತ್ತಾಗುತ್ತದೆ.

ಮಕ್ಕಳ ಹಾಳೆಯಲ್ಲಿ ಇನ್ನೊಂದು ರಗಳೆ ಬಾಕಿ ಇತ್ತು: ನಮ್ಮ ಲಿಪಿ. ಸ್ವರದ ಸಾಲಿಗೆ ಏನೂ ತೊಂದರೆ ಇಲ್ಲ. ಸ, ರಿ, ಗ, ಮ, ಯಾವುದಕ್ಕೂ ಒತ್ತಿಲ್ಲ. ಸಾಹಿತ್ಯಕ್ಕೆ ಒತ್ತು ಇದೆ. ಒಂದು ಗೀತೆಯಲ್ಲಿ ಎರಡು ಚರಣವನ್ನು ಒಂದರ ಕೆಳಗೊಂದು ಕೊಟ್ಟಿದ್ದೆ. ಮೇಲಿನ ಸಾಲಿನ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಕೆಳಗಿನ ಸಾಲಿನ ಗುಡಿಸು ಮೇಲೆ ಏರುತ್ತದೆ. ಲಿಲಿಪಾಂಡ್ ಡಿಕ್ಕಿ ಹೊಡೆಯಲು ಬಿಡುವುದಿಲ್ಲ. ಆದರೆ ಅದು ಉಳಿಸುವ ಸಂದು 0.2 ಸ್ಟಾಫ್ ಸ್ಪೇಸ್. ನನ್ನ ಹಾಳೆಯಲ್ಲಿ ಅದು ಮೂರನೇ ಒಂದು ಮಿಲಿಮೀಟರ್ ಕೂಡ ಇಲ್ಲ. ಜೊತೆಗೆ ಒತ್ತು ಇರುವ ಕಡೆ ಅಂತರ ಜಾಸ್ತಿ, ಇಲ್ಲದ ಕಡೆ ಕಡಿಮೆ, ಒಂದೊಂದು ಸಾಲು ಒಂದೊಂದು ಥರ. ಇಂಗ್ಲಿಷ್ ಅಕ್ಷರಕ್ಕೆ ಹೊಂದಿಸಿದ ಅಂಕಿ ಅದು. ಎರಡು ಸಾಹಿತ್ಯದ ಸಾಲಿನ ಕನಿಷ್ಠ ಅಂತರವನ್ನು 2.8ರಿಂದ 3.6ಕ್ಕೆ ಏರಿಸಿದೆ. ಆಗ ಎಲ್ಲ ಕಡೆ ಸಮ ಆಯಿತು, ಒತ್ತಿಗೂ ಉಸಿರಾಡಲು ಜಾಗ ಸಿಕ್ಕಿತು. ದಾಸರು ಒಂದು ಕಡೆ ಲಕ್ಷ್ಮಿ ಎನ್ನದೆ ಲಕುಮಿ ಎಂದಿದ್ದಾರೆ. ನನ್ನ ಪಾಲಿಗೆ ಒಂದು ಒತ್ತು ಉಳಿಯಿತು, ಪುಣ್ಯಾತ್ಮರು.

ಸಿದ್ಧಿ ಎನ್ನುವುದನ್ನು ಸ್ವರದ ಕೆಳಗೆ ಒಡೆಯುವುದು ಹೇಗೆ? ಹಾಡುವಾಗ ಬಾಯಿ 'ಸಿದ್' ಎಂದು ನಿಲ್ಲುತ್ತದೆ. ಬರೆಯುವಾಗ ಕೈ 'ಸಿ' ಎಂದು ನಿಲ್ಲುತ್ತದೆ. ಸಿ, ದ್ಧಿ ಎಂದೇ ಒಡೆದೆ. ಕನ್ನಡ ಓದುವ ಕಣ್ಣಿಗೆ ಅದೇ ಸಹಜ.

ಅಡ್ಡಡ್ಡ ಅಂತರದ ಕಥೆಯೂ ಇದೆ. ಪಾಶ್ಚಾತ್ಯ ಅಚ್ಚಿನ ಪದ್ಧತಿಯಲ್ಲಿ ಎರಡರಷ್ಟು ಕಾಲದ ಸ್ವರಕ್ಕೆ ಎರಡರಷ್ಟು ಜಾಗ ಕೊಡುವುದಿಲ್ಲ. ಸ್ವಲ್ಪ ಜಾಸ್ತಿ ಕೊಡುತ್ತಾರೆ, ಅಷ್ಟೇ. ಲಿಲಿಪಾಂಡ್ ಕೂಡ ಹಾಗೇ. ನಮ್ಮ ನೋಟ್‌ಬುಕ್ಕಿನಲ್ಲಿ ಮಾತ್ರ ಪ್ರತಿ ಅಕ್ಷರ ಕಾಲಕ್ಕೂ ಒಂದೇ ಅಗಲ. ಮಕ್ಕಳು ಬೆರಳಿಟ್ಟು ಎಣಿಸುವುದು ಹಾಗೆ. ಕಾಲಕ್ಕೆ ತಕ್ಕ ಜಾಗ ಕೊಡುವ ಪ್ರೊಪೋರ್ಷನಲ್ ಆಯ್ಕೆಯನ್ನು ಆನ್ ಮಾಡಿದೆ. ಲಘು ಕಣ್ಣಿಗೇ ದ್ರುತದ ಎರಡರಷ್ಟು ಉದ್ದ ಕಂಡಿತು. ಸಂಗೀತದ ಹಾಳೆ ಗ್ರಾಫ್ ಪೇಪರಿನ ಹಾಗೆ ಕಾಣುತ್ತದೆ, ಅಂದವಿಲ್ಲ. ಇರಲಿ, ಅದು ಮಕ್ಕಳ ಹಾಳೆಗೆ. ಮಾಮನ ಹಾಳೆಗೆ ಹಳೆಯ ಪದ್ಧತಿಯೇ.

ಮಧ್ಯಾಹ್ನ ಮಳೆ ಸ್ವಲ್ಪ ಬಿಟ್ಟಾಗ ಪ್ರಿಂಟಿಗೆ ಹೋದೆ. ಬುಧವಾರ ಒಂದು ಅಂಗಡಿಯಲ್ಲಿ ಮಾಡಿಸಿದ್ದು ಎರಡು ರೀತಿಯಲ್ಲಿ ಕೆಟ್ಟಿತ್ತು. ಹಾಳೆಗೆ ಹೊಂದುವಂತೆ ಕುಗ್ಗಿಸುವ ಆಯ್ಕೆ ಆನ್ ಇತ್ತು. ನನ್ನ 7 ಮಿ.ಮೀ. ಸ್ಕೇಲ್ ಇಟ್ಟು ನೋಡಿದರೆ ಆರೂವರೆ. ಮೇಲಾಗಿ ಎರಡೂ ಬದಿಗೆ ಪ್ರಿಂಟ್ ಹಾಕಿಬಿಟ್ಟಿದ್ದರು. ಕಾಗದ ಉಳಿಸಿದೆವು ಎಂದರು. ಕೈಯಲ್ಲಿ ಕಮಾನು ಇರುವ ಹುಡುಗ ಹಾಳೆ ತಿರುವುವುದು ಯಾವ ಕೈಯಲ್ಲಿ? ವಿರಾಮ ಇರುವ ಕಡೆಯೇ ಹಾಳೆ ಮುಗಿಯುವಂತೆ ಹುಡುಕಿ ಮುರಿಯುವ ವ್ಯವಸ್ಥೆ ಲಿಲಿಪಾಂಡಿನಲ್ಲಿ ಇದೆ. ಆದರೆ ಪಿಳ್ಳಾರಿ ಗೀತೆಯಲ್ಲಿ ವಿರಾಮ ಎಲ್ಲಿದೆ? ಹಿಡಿದರೆ ಕೊನೆಯವರೆಗೆ ಒಂದೇ ಓಟ.

ಇವತ್ತು ಪಕ್ಕದಲ್ಲೇ ನಿಂತು ಮಾಡಿಸಿದೆ. ಅಸಲಿ ಅಳತೆ, ನೂರಕ್ಕೆ ನೂರು, ಒಂದೇ ಬದಿ, 100 ಜಿಎಸ್‌ಎಂನ ದಪ್ಪ ಕಾಗದ. ಮಲೆನಾಡಿನ ಮಳೆಗಾಲದಲ್ಲಿ ತೆಳು ಹಾಳೆ ತಂಡಿ ಹೀರಿ ಹಪ್ಪಳ ಹಿಟ್ಟಿನ ಹಾಗೆ ಸ್ಟ್ಯಾಂಡಿನಿಂದ ಬಾಗುತ್ತದೆ. ಮನೆಗೆ ಬಂದು ಎರಡೆರಡು ಹಾಳೆ ಅಕ್ಕಪಕ್ಕ ಇಟ್ಟು ಟೇಪ್ ಅಂಟಿಸಿದೆ. 42 ಸೆಂ.ಮೀ. ಅಗಲ. ತಿರುವುವ ಮಾತೇ ಇಲ್ಲ. ಎರಡನೆಯ ಹಾಳೆಯ ಕೆಳಗೆ ಒಂದು ಸಾಲಿನಷ್ಟು ಜಾಗ ಉಳಿದಿದೆ. ಅದನ್ನು ಹರಡಿ ತುಂಬಿಸಲು ಲಿಲಿಪಾಂಡಿಗೆ ಹೇಳಲಿಲ್ಲ. ಮಕ್ಕಳು ಪೆನ್ಸಿಲಿನಲ್ಲಿ ಏನಾದರೂ ಬರೆದುಕೊಳ್ಳುತ್ತಾರೆ. ಕಡೇಪಕ್ಷ ಗಣಪನ ಚಿತ್ರ.

ರಾತ್ರಿ 9.40

ಸಂಜೆ ಮಾಮನ ಮನೆಗೆ ಹೋಗಿ ಅವರ ಹಾಳೆ ಕೊಟ್ಟು ಬಂದಿದ್ದೆ. ಈಗ ಫೋನ್ ಬಂತು. "ತುಂಬಾ ಚೆನ್ನಾಗಿ ಕಾಣುತ್ತದೆ," ಎಂದರು. "ಎಷ್ಟು ಚೆನ್ನಾಗಿ ಅಂದರೆ, ಮೇಲೆ ರಾಗದ ಹೆಸರು ಮಹಲರಿ ಅಂತ ಇರುವುದೂ ಕಾಣುತ್ತದೆ."

ಮಕ್ಕಳ ಹಾಳೆ ತೆಗೆದು ನೋಡಿದೆ. ಅದರಲ್ಲೂ ಅದೇ. ಸೋಮವಾರ ಮತ್ತೆ ಅಂಗಡಿಗೆ.