ಹಳೆ ನಕಾಶೆ ಬಂದವಂದ್ರ ಬಿಚ್ಚಾಕ ಅವಸರ ಬ್ಯಾಡ್ರಿ

ಪ್ರಾಧ್ಯಾಪಕರೊಬ್ಬರ ಸಂಗ್ರಹ ಕಾಲೇಜು ಲೈಬ್ರರಿಗೆ ಬಂದ್ರ ಮೊದಲು ಎಲ್ಲರೂ ಸುರುಳಿ ಬಿಡಿಸಾಕ ನಿಂದರ್ತಾರ. ಕಲಬುರಗಿ ಬಿಸಿಲಿಗೆ ಒಣಗಿದ ಕಾಗದ ಮಡಿಕಿಗುಂಟ ಪಟ್ನೆ ಬಿರೀತದ. ಮೊದಲು ಬಣ್ಣದ ಮೂಲಿಗೆ ಒದ್ದಿ ಹತ್ತಿ ಮುಟ್ಟಿಸಿ ನೋಡ್ರಿ. ಬಣ್ಣ ಹತ್ತಿದ್ರ ಅಲ್ಲೇ ನಿಲ್ಲಿಸ್ರಿ, ಕೈಲೆ ಬಣ್ಣ ತುಂಬಿದ ನಕಾಶೆ ಸಾಕಷ್ಟು ಇರ್ತಾವ. ಹತ್ತಲಿಲ್ಲಂದ್ರ ಮುಚ್ಚಳದ ಡಬ್ಬಿ ತಳಕ್ಕ ಒದ್ದಿ ಬಟ್ಟಿ, ಮ್ಯಾಲ ಜಾಳಗಿ, ಅದರ ಮ್ಯಾಲ ನಕಾಶೆ. ನೀರು ತಾಕಬಾರದು, ಬರೇ ತೇವ. ಕೆಲವು ತಾಸಿನಾಗ ಮೆತ್ತಗಾಗ್ತದ. ಆಮ್ಯಾಲ ಬ್ಲಾಟಿಂಗ್ ಪೇಪರ್ ನಡುವ ಇಟ್ಟು ತೂಕ ಹೇರ್ರಿ. ಒಂದು ದಿನಕ್ಕಿಂತ ಹೆಚ್ಚು ತೇವದಾಗ ಬಿಟ್ರ ಬೂಸ್ಟು ಬರ್ತದ.

ಸೆಲ್ಲೋಟೇಪ್, ಲ್ಯಾಮಿನೇಶನ್ ಎರಡೂ ಬ್ಯಾಡೇ ಬ್ಯಾಡ. ಅಂಟು ಹಳದಿಯಾಗಿ ಕಾಗದದೊಳಗ ಇಳೀತದ. ಹರಿದಲ್ಲಿ ಗೋಧಿ ಗಂಜಿ, ತೆಳು ಜಪಾನಿ ಕಾಗದ ಸಾಕು.

ಕಲಬುರಗಿ ಸುತ್ತಿನ ಸರ್ವೆ ಆಫ್ ಇಂಡಿಯಾ ಹಾಳಿ 56 ಸಿ, ಬೀದರಿಂದು 56 ಜಿ, ಯಾದಗಿರಿದು 56 ಎಚ್. ಹತ್ತೊಂಬತ್ತನೇ ಶತಮಾನದ ಹಾಳಿ ಈಗಿನ ಜಿಪಿಎಸ್ ಮ್ಯಾಲ ಕೂಡಿಸಿದ್ರ ಊರು ಸುಮಾರು 4 ಕಿ.ಮೀ. ಸರದಂಗ ಕಾಣ್ತದ. ಅದು ಕಾಗದದ ತಪ್ಪಲ್ಲ. ಆಗ ದೇಶದ ರೇಖಾಂಶ ಎಲ್ಲಾ ಮದ್ರಾಸ್ ವೀಕ್ಷಣಾಲಯದಿಂದ ಎಣಸ್ತಿದ್ರು, ಅದರ ರೇಖಾಂಶನ ಎರಡೂವರಿ ನಿಮಿಷದಷ್ಟು (ಒಂದು ಡಿಗ್ರಿಗೆ 60 ನಿಮಿಷ) ಹೆಚ್ಚಿಗಿ ಹಿಡಿದಿದ್ರು. ಹಾಳಿ ಅಂಚಿನ ಟಿಪ್ಪಣಿ ಓದಿ ಅಷ್ಟನ್ನ ರೇಖಾಂಶದಾಗ ಕಳೀರಿ. 1841ರಾಗ ಬೀದರ ಹತ್ರ ಸರ್ವೆದವರು ಆಧಾರರೇಖೆ (ಉಳಿದ ದೂರ ಎಲ್ಲಾ ಲೆಕ್ಕ ಹಾಕಾಕ ನೆಲದ ಮ್ಯಾಲ ಅಳಿಯೋ ಮೊದಲ ಗೆರೆ) ಅಳೆದಿದ್ರು, ಆ ಕಾಲಕ್ಕ ಅಂಥ ಜತನ. ರೇಖಾಂಶ ಮಾತ್ರ ಕೈಕೊಟ್ಟಿತ್ತು.

ದಾನ ಕೊಟ್ಟವರು ಪೆನ್ಸಿಲ್‌ಲೆ ಬರದಿದ್ದು ಅಳಿಸಬ್ಯಾಡ್ರಿ, ಅದನ್ನೂ ರಜಿಸ್ಟರಿನಾಗ ಏರಸ್ರಿ.